ಎಕ್ಸ್‌ಫಾಯಿಲ್: ರೆಕ್ಕೆಯ ಸುತ್ತಲಿನ ಗಾಳಿಯ ಲೆಕ್ಕವನ್ನು ಯಾವ ವೇಗದವರೆಗೆ ನಂಬಬಹುದು?

ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಯನ್ನು ಸಾಧಾರಣ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ಎಕ್ಸ್‌ಫಾಯಿಲ್ ಎಂಬ ತಂತ್ರಾಂಶ ಹಳೆಯದು, ಉಚಿತವಾದದ್ದು, ನೋಟಕ್ಕೆ ಒರಟಾದದ್ದು. ಆದರೂ ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳಿಂದ ಹಿಡಿದು ಗ್ಲೈಡರ್ ಮತ್ತು ಡ್ರೋನ್‌ಗಳ ವಿನ್ಯಾಸಕರವರೆಗೆ, ರೆಕ್ಕೆಯ ಆಕಾರವೊಂದನ್ನು ಪರೀಕ್ಷಿಸಬೇಕಾದಾಗ ಅನೇಕರು ಇಂದಿಗೂ ಮೊದಲು ತೆರೆಯುವುದು ಇದನ್ನೇ. ಅದರ ಸೌಲಭ್ಯಗಳನ್ನೆಲ್ಲ ವಿವರಿಸುವುದು ಈ ವಿಮರ್ಶೆಯ ಉದ್ದೇಶವಲ್ಲ. ಗಾಳಿಯ ವೇಗ ಬದಲಾದಂತೆ ರೆಕ್ಕೆಯ ಮೇಲೆ ನಡೆಯುವ ವಿದ್ಯಮಾನಗಳೇ ಬದಲಾಗುತ್ತವೆ. ಆ ಬದಲಾವಣೆಗಳಲ್ಲಿ ಯಾವುದನ್ನು ಈ ತಂತ್ರಾಂಶ ನಿಷ್ಠೆಯಿಂದ ಹಿಡಿದಿಡುತ್ತದೆ, ಯಾವುದರ ಮುಂದೆ ನಿಂತುಬಿಡುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಬೇಕೆಂದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕಡಿಮೆ ಮತ್ತು ಮಧ್ಯಮ ವೇಗಗಳಲ್ಲಿ ಗಾಳಿಯ ಸ್ವಭಾವವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನ ಸಾಮಾನ್ಯ ಓದುಗನ ಕೈಗೆ ಎಟುಕುವಂತಿಲ್ಲ, ಆದರೆ ಶಬ್ದದ ವೇಗದ ಸಮೀಪಕ್ಕೆ ಹೋದಾಗ ಇದು ಕೊಡುವ ಅಂಕಿಗಳನ್ನು ಕಣ್ಣುಮುಚ್ಚಿ ಬರೆದುಕೊಳ್ಳುವವರು ಗಾಳಿಯನ್ನೂ ತಂತ್ರಾಂಶವನ್ನೂ ಏಕಕಾಲಕ್ಕೆ ತಪ್ಪಾಗಿ ತಿಳಿಯುತ್ತಾರೆ.

ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಡ್ರೆಲಾ ಅವರು ಇದರ ಮೊದಲ ಆವೃತ್ತಿಯನ್ನು ಬರೆದದ್ದು 1986ರಲ್ಲಿ. ಮುಂದೆ ಹೆರಾಲ್ಡ್ ಯಂಗ್ರೆನ್ ಅವರೂ ಇದರ ಬೆಳವಣಿಗೆಯಲ್ಲಿ ಕೈಜೋಡಿಸಿದರು. ಫೋರ್ಟ್ರಾನ್ ಭಾಷೆಯಲ್ಲಿರುವ ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಹಂಚಬಹುದು. ಅದೇ ದಶಕದಲ್ಲಿ ಎಂಐಟಿಯ ತಂಡವೊಂದು ಮನುಷ್ಯನ ಕಾಲಿನ ಬಲದಿಂದಲೇ ಹಾರುವ ಡೇಡಲಸ್ ಎಂಬ ವಿಮಾನವನ್ನು ಕಟ್ಟಿತು. 1988ರ ಏಪ್ರಿಲ್ 23ರಂದು ಗ್ರೀಸಿನ ಸೈಕಲ್ ಪಟು ಕನೆಲ್ಲೋಸ್ ಕನೆಲ್ಲೋಪೌಲೋಸ್ ಅದನ್ನು ತುಳಿಯುತ್ತ, ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿಯ ತೀರದವರೆಗೆ ಸುಮಾರು 115 ಕಿ.ಮೀ. ದೂರವನ್ನು ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ ಸಮಯದಲ್ಲಿ ಕ್ರಮಿಸಿದರು. ಆ ವಿಮಾನದ ರೆಕ್ಕೆಯ ಅಡ್ಡಕೊಯ್ತಗಳನ್ನು ರೂಪಿಸಿದವರು ಡ್ರೆಲಾ ಅವರೇ. ಈ ಹಿನ್ನೆಲೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಅತಿ ನಿಧಾನವಾಗಿ ಹಾರುವ ರೆಕ್ಕೆಗಳ ಸಮಸ್ಯೆಯನ್ನು ಎದುರಿಟ್ಟುಕೊಂಡ ಕಾಲದಲ್ಲಿ ಬೆಳೆದ ತಂತ್ರಾಂಶವಿದು; ಅದರ ಬಲವೂ ಮಿತಿಯೂ ಅಲ್ಲಿಂದಲೇ ಬಂದಿವೆ.

ತಂತ್ರಾಂಶವನ್ನು ತೆರೆದಾಗ ಕಾಣುವುದು ಆದೇಶಗಳನ್ನು ಟೈಪ್ ಮಾಡಬೇಕಾದ ಖಾಲಿ ಸಾಲು, ಅಷ್ಟೆ. ಗುಂಡಿಗಳಿಲ್ಲ, ಚಿತ್ರಗಳಿಲ್ಲ. ‘ನಾಕಾ 2412’ ಎಂದು ಬರೆದರೆ ಒಂದು ರೆಕ್ಕೆಯ ಅಡ್ಡಕೊಯ್ತ, ಅಂದರೆ ಏರ್‌ಫಾಯಿಲ್, ಸಿದ್ಧವಾಗುತ್ತದೆ. ಅದರ ಬಾಗು ಅಗಲದ (ಅಂದರೆ ರೆಕ್ಕೆಯ ಮುಂಬದಿಯಿಂದ ಹಿಂಬದಿಯವರೆಗಿನ ದೂರದ) ಶೇ. 2ರಷ್ಟು, ಆ ಬಾಗಿನ ಶಿಖರ ಮುಂಬದಿಯಿಂದ ಶೇ. 40ರಷ್ಟು ದೂರದಲ್ಲಿ, ಗರಿಷ್ಠ ದಪ್ಪ ಶೇ. 12ರಷ್ಟು ಎಂಬುದನ್ನು ಆ ನಾಲ್ಕು ಅಂಕಿಗಳೇ ಹೇಳುತ್ತವೆ. ಸೆಸ್ನಾ 172 ಎಂಬ ಪ್ರಸಿದ್ಧ ಪುಟ್ಟ ವಿಮಾನದ ರೆಕ್ಕೆಯಲ್ಲಿರುವುದು ಇದೇ ಆಕಾರ. ಬಳಿಕ ರೆಕ್ಕೆಯು ಎದುರುಗಾಳಿಯೊಡನೆ ಮಾಡುವ ಕೋನವನ್ನು 4 ಡಿಗ್ರಿ ಎಂದು ಕೊಟ್ಟರೆ, ರೆಕ್ಕೆಯ ಮುಂಬದಿಯಿಂದ ಹಿಂಬದಿಯವರೆಗೆ ಒತ್ತಡ ಹೇಗೆ ಹಂಚಿಹೋಗಿದೆ ಎಂಬ ನಕ್ಷೆ ಕ್ಷಣದಲ್ಲಿ ಮೂಡುತ್ತದೆ. ಋಣ ಒತ್ತಡ ಮೇಲ್ಮುಖವಾಗಿರುವಂತೆ ಬರೆದಿರುವ ಆ ನಕ್ಷೆಯಲ್ಲಿ, ರೆಕ್ಕೆಯ ಮೇಲ್ಮೈಯಲ್ಲಿ ಮೂಗಿನ ಬಳಿ ಒತ್ತಡ ಒಮ್ಮೆಲೇ ಕುಸಿದು, ಹಿಂಬದಿಯ ಕಡೆಗೆ ಸಾಗಿದಂತೆ ನಿಧಾನವಾಗಿ ಮತ್ತೆ ಏರುವುದು ಸ್ಪಷ್ಟವಾಗಿ ಕಾಣುತ್ತದೆ. ರೆಕ್ಕೆಯನ್ನು ಎತ್ತಿ ಹಿಡಿಯುವ ಬಲದಲ್ಲಿ ದೊಡ್ಡ ಪಾಲು ಮೇಲಿನ ಈ ಕಡಿಮೆ ಒತ್ತಡದಿಂದ ಬರುತ್ತದೆ ಎಂಬುದನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಆ ನಕ್ಷೆ ಮನದಟ್ಟು ಮಾಡಿಸುತ್ತದೆ.

ರೆಕ್ಕೆಯ ಮೇಲಿನ ದಾರಿ ಉದ್ದವಾದ್ದರಿಂದ ಅಲ್ಲಿನ ಗಾಳಿ ವೇಗವಾಗಿ ಓಡಿ, ಕೆಳಗಿನ ಗಾಳಿಯನ್ನು ಹಿಂಬದಿಯ ಅಂಚಿನಲ್ಲಿ ಅದೇ ಹೊತ್ತಿಗೆ ಕೂಡಿಕೊಳ್ಳುತ್ತದೆ ಎಂಬ ವಿವರಣೆ ಇಂದಿಗೂ ಪಾಠಗಳಲ್ಲಿ ಉಳಿದುಕೊಂಡಿದೆ. ಅದು ತಪ್ಪು ಎಂಬುದನ್ನು ತೋರಿಸಲು ಎಕ್ಸ್‌ಫಾಯಿಲ್‌ನಲ್ಲಿ ಒಂದು ನಿಮಿಷ ಸಾಕು. ಮೇಲೂ ಕೆಳಗೂ ಒಂದೇ ಆಕಾರವಿರುವ ನಾಕಾ 0012 ರೆಕ್ಕೆಯನ್ನು ಕೊಡಿ: ಶೂನ್ಯ ಕೋನದಲ್ಲಿ ಅದರ ಲಿಫ್ಟ್, ಅಂದರೆ ಎತ್ತಿ ಹಿಡಿಯುವ ಬಲ, ಶೂನ್ಯ; 4 ಡಿಗ್ರಿಗೆ ಏರಿಸಿದರೆ ಲಿಫ್ಟ್ ಗುಣಾಂಕ (ವೇಗ, ಗಾತ್ರಗಳ ಪ್ರಭಾವವನ್ನು ಕಳೆದು ಆ ಬಲವನ್ನು ಹೇಳುವ ಅಂಕಿ) 0.4ನ್ನು ದಾಟುತ್ತದೆ. ಎರಡು ಮೇಲ್ಮೈಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಇಷ್ಟು ಬಲ ಹುಟ್ಟುತ್ತದೆಯೆಂದರೆ, ಅದರ ಮೂಲವನ್ನು ದಾರಿಯ ಉದ್ದದಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ವಾಸ್ತವದಲ್ಲಿ ಮೇಲಿನ ಗಾಳಿ ಕೆಳಗಿನದಕ್ಕಾಗಿ ಕಾಯುವುದಿಲ್ಲ. ಅದು ಮೊದಲೇ ಹಿಂಬದಿಯನ್ನು ತಲುಪಿರುತ್ತದೆ. ರೆಕ್ಕೆ ಗಾಳಿಯ ದಾರಿಯನ್ನು ಕೆಳಕ್ಕೆ ಬಾಗಿಸುತ್ತದೆ, ಹಾಗೆ ಬಾಗುವ ಹರಿವಿನಲ್ಲಿ ಒತ್ತಡದ ಏರಿಳಿತ ಅನಿವಾರ್ಯವಾಗುತ್ತದೆ, ಆ ಏರಿಳಿತವೇ ರೆಕ್ಕೆಯ ಮೇಲಿನ ಬಲ. ಬೋಧಕರು ಬೇರೇನನ್ನೂ ಮಾಡದೆ ಈ ಒಂದು ಪ್ರಯೋಗವನ್ನು ತರಗತಿಯಲ್ಲಿ ತೋರಿಸಿದರೂ ತಂತ್ರಾಂಶವನ್ನು ಇಳಿಸಿಕೊಂಡ ಶ್ರಮ ಸಾರ್ಥಕವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊಸಬರನ್ನು ಗೊಂದಲಗೊಳಿಸುವ ಒಂದು ಸಂಗತಿ ಇಲ್ಲಿಂದಲೇ ಆರಂಭವಾಗುತ್ತದೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ವೇಗವನ್ನು ಬರೆಯಲು ಎಕ್ಸ್‌ಫಾಯಿಲ್‌ನಲ್ಲಿ ಎಲ್ಲಿಯೂ ಜಾಗವಿಲ್ಲ. ಅದು ಕೇಳುವುದು ರೆನಾಲ್ಡ್ಸ್ ಸಂಖ್ಯೆ ಮತ್ತು ಮ್ಯಾಕ್ ಸಂಖ್ಯೆ ಎಂಬ ಎರಡು ಅಂಕಿಗಳನ್ನು ಮಾತ್ರ. ಇದನ್ನು ಕೊರತೆಯೆಂದು ದೂರುವವರಿದ್ದಾರೆ; ನನಗೆ ಇದೇ ಈ ತಂತ್ರಾಂಶದ ಅತ್ಯುತ್ತಮ ಪಾಠವಾಗಿ ತೋರುತ್ತದೆ. ಗಾಳಿಗೆ ಕಿಲೋಮೀಟರ್ ಗೊತ್ತಿಲ್ಲ. ತನ್ನ ಅಂಟುಗುಣಕ್ಕೆ ಹೋಲಿಸಿದರೆ ತನ್ನ ಓಟದ ಜೋರು ಎಷ್ಟು ಎಂಬುದನ್ನು ರೆನಾಲ್ಡ್ಸ್ ಸಂಖ್ಯೆ ಹೇಳುತ್ತದೆ. ತನ್ನೊಳಗೆ ಒತ್ತಡದ ಸುದ್ದಿ ಹರಡುವ ವೇಗಕ್ಕೆ, ಅಂದರೆ ಶಬ್ದದ ವೇಗಕ್ಕೆ ಹೋಲಿಸಿದರೆ ತಾನೆಷ್ಟು ವೇಗವಾಗಿದ್ದೇನೆ ಎಂಬುದನ್ನು ಮ್ಯಾಕ್ ಸಂಖ್ಯೆ ಹೇಳುತ್ತದೆ. ವೇಗವನ್ನು ರೆಕ್ಕೆಯ ಅಗಲದಿಂದ ಗುಣಿಸಿ, ಗಾಳಿಯ ಚಲನ ಸ್ನಿಗ್ಧತೆಯಿಂದ (ಅಂಟುಗುಣವನ್ನು ಸಾಂದ್ರತೆಯಿಂದ ಭಾಗಿಸಿದ ಅಳತೆಯಿಂದ) ಭಾಗಿಸಿದರೆ ಮೊದಲನೆಯದು ಸಿಗುತ್ತದೆ. ಸಮುದ್ರಮಟ್ಟದಲ್ಲಿ, 15 ಸೆಂ.ಮೀ. ಅಗಲದ ರೆಕ್ಕೆಯುಳ್ಳ ಮಾದರಿ ವಿಮಾನ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರಿದರೆ ಆ ಸಂಖ್ಯೆ ಸುಮಾರು 1 ಲಕ್ಷ. ಒಂದೂವರೆ ಮೀಟರ್ ಅಗಲದ ರೆಕ್ಕೆ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹಾರಿದರೆ ಸುಮಾರು 62 ಲಕ್ಷ. 11 ಕಿ.ಮೀ. ಎತ್ತರದಲ್ಲಿ 0.8 ಮ್ಯಾಕ್ ವೇಗದಲ್ಲಿ ಸಾಗುವ, 4 ಮೀಟರ್ ಅಗಲದ ರೆಕ್ಕೆಗೆ ಅದು 2.4 ಕೋಟಿಯನ್ನು ಮುಟ್ಟುತ್ತದೆ. ರೆಕ್ಕೆಯ ಆಕಾರ ಒಂದೇ ಆದರೂ ಈ ಮೂರು ಸಂದರ್ಭಗಳಲ್ಲಿ ಗಾಳಿ ಮೂರು ಬಗೆಯಾಗಿ ನಡೆದುಕೊಳ್ಳುತ್ತದೆ.

ಹೀಗಾಗುವುದು ಏಕೆ ಎಂಬುದಕ್ಕೆ ಉತ್ತರ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡಂತೆ ಹರಿಯುವ ತೆಳುವಾದ ಗಡಿಪದರದಲ್ಲಿದೆ. ಲುಡ್ವಿಗ್ ಪ್ರಾಂಟ್ಲ್ ಅವರು 1904ರಲ್ಲಿ ಮುಂದಿಟ್ಟ ಈ ಪರಿಕಲ್ಪನೆಯ ಪ್ರಕಾರ, ಮೇಲ್ಮೈಯನ್ನು ತಾಗಿರುವ ಗಾಳಿ ನಿಂತಿರುತ್ತದೆ, ಸ್ವಲ್ಪ ಮೇಲಿನ ಗಾಳಿ ಪೂರ್ಣ ವೇಗದಲ್ಲಿ ಓಡುತ್ತಿರುತ್ತದೆ, ಇವೆರಡರ ನಡುವೆ ವೇಗ ಹಂತಹಂತವಾಗಿ ಏರುವ ಕಿರಿದಾದ ಪದರವಿರುತ್ತದೆ. ಎಕ್ಸ್‌ಫಾಯಿಲ್‌ನ ಹಿರಿಮೆ ಇರುವುದೇ ಇಲ್ಲಿ. ಹೊರಗಿನ ಹರಿವನ್ನು ಒಂದು ವಿಧಾನದಿಂದಲೂ ಗಡಿಪದರವನ್ನು ಇನ್ನೊಂದು ವಿಧಾನದಿಂದಲೂ ಲೆಕ್ಕ ಹಾಕಿ, ಎರಡನ್ನೂ ಒಂದೇ ಸಮೀಕರಣ ವ್ಯವಸ್ಥೆಯಲ್ಲಿ ಒಟ್ಟಿಗೆ ಬಿಡಿಸುತ್ತದೆ. ಗಡಿಪದರ ದಪ್ಪವಾದರೆ ಹೊರಗಿನ ಗಾಳಿಗೆ ರೆಕ್ಕೆಯ ಆಕಾರವೇ ಬದಲಾದಂತೆ ಆಗುತ್ತದೆ. ಹೊರಗಿನ ಒತ್ತಡ ಬದಲಾದರೆ ಗಡಿಪದರದ ದಪ್ಪ ಬದಲಾಗುತ್ತದೆ. ಈ ಪರಸ್ಪರ ಅವಲಂಬನೆಯನ್ನು ಇಷ್ಟು ವೇಗವಾಗಿ ಲೆಕ್ಕಕ್ಕೆ ತರುವುದರಿಂದಲೇ ಒಂದು ಕೋನದ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ.

ಈಗ 2412 ರೆಕ್ಕೆಯನ್ನೇ ಎರಡು ರೆನಾಲ್ಡ್ಸ್ ಸಂಖ್ಯೆಗಳಲ್ಲಿ ಓಡಿಸಿ ನೋಡಬೇಕು. 10 ಲಕ್ಷದಲ್ಲಿ, 4 ಡಿಗ್ರಿ ಕೋನದಲ್ಲಿ, ಲಿಫ್ಟ್ ಗುಣಾಂಕ 0.7ರ ಹತ್ತಿರವೂ ಡ್ರ್ಯಾಗ್‌ನ, ಅಂದರೆ ರೆಕ್ಕೆಯನ್ನು ಹಿಂದಕ್ಕೆಳೆಯುವ ಬಲದ, ಗುಣಾಂಕ 0.007ರ ಆಸುಪಾಸಿನಲ್ಲೂ ಬರುತ್ತದೆ. 1 ಲಕ್ಷಕ್ಕೆ ಇಳಿಸಿದರೆ ಲಿಫ್ಟ್ ಹೆಚ್ಚು ಬದಲಾಗುವುದಿಲ್ಲ, ಆದರೆ ಡ್ರ್ಯಾಗ್ ಸುಮಾರು ಎರಡು ಪಟ್ಟಾಗುತ್ತದೆ. ಕಾರಣವನ್ನು ಒತ್ತಡದ ನಕ್ಷೆಯೇ ತೋರಿಸುತ್ತದೆ: ಮೇಲ್ಮೈಯ ಗೆರೆ ನುಣುಪಾಗಿ ಇಳಿಯುವ ಬದಲು ನಡುವೆ ಒಂದೆಡೆ ಸಮತಟ್ಟಾಗಿ ನಿಂತು, ಆಮೇಲೆ ತಟಕ್ಕನೆ ಇಳಿಯುತ್ತದೆ. ಆ ಸಮತಟ್ಟಾದ ಭಾಗದಲ್ಲಿ ಪದರಪದರವಾಗಿ ಹರಿಯುತ್ತಿದ್ದ ನಿಧಾನದ ಗಾಳಿ, ಮುಂದೆ ಏರುತ್ತಿರುವ ಒತ್ತಡವನ್ನು ಎದುರಿಸಲಾಗದೆ ಮೇಲ್ಮೈಯಿಂದ ಬಿಟ್ಟುಕೊಂಡಿರುತ್ತದೆ. ಹಾಗೆ ಬೇರ್ಪಟ್ಟ ಪದರ ಸ್ವಲ್ಪ ದೂರದಲ್ಲೇ ಅಸ್ಥಿರಗೊಂಡು, ಸುಳಿಸುಳಿಯಾದ ಪ್ರಕ್ಷುಬ್ಧ ಹರಿವಾಗಿ ಬದಲಾಗಿ, ಹೊರಗಿನ ವೇಗದ ಗಾಳಿಯನ್ನು ಒಳಕ್ಕೆ ಎಳೆದುಕೊಂಡು ಮತ್ತೆ ರೆಕ್ಕೆಗೆ ಅಂಟಿಕೊಳ್ಳುತ್ತದೆ. ನಡುವೆ ಉಳಿಯುವ ಗಾಳಿಯ ಆ ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ. ಮಾದರಿ ವಿಮಾನಗಳ ಹಾರಾಟದ ಶಕ್ತಿಯಲ್ಲಿ ಗಣನೀಯ ಭಾಗವನ್ನು ನುಂಗುವುದು ಮಾತ್ರ ಅದೇ.

ರೆನಾಲ್ಡ್ಸ್ ಸಂಖ್ಯೆ ಕೆಲವು ಹತ್ತು ಸಾವಿರಗಳಿಂದ ಕೆಲವು ಲಕ್ಷಗಳವರೆಗಿನ ಈ ವಲಯವನ್ನು ಇಷ್ಟು ಅಗ್ಗವಾಗಿ, ಇಷ್ಟು ಸಮರ್ಪಕವಾಗಿ ತೋರಿಸುವ ಇನ್ನೊಂದು ಸಾಧನ ನನಗೆ ತಿಳಿದಿಲ್ಲ. ಗ್ಲೈಡರುಗಳ ರೆಕ್ಕೆಗೆ ಅಂಕುಡೊಂಕಿನ ಪಟ್ಟಿಯನ್ನು ಅಂಟಿಸಿ ಹರಿವನ್ನು ಉದ್ದೇಶಪೂರ್ವಕವಾಗಿ ಕದಡುವ ಪದ್ಧತಿಯಿದೆ. ನುಣುಪಾಗಿರಬೇಕಾದ ಮೇಲ್ಮೈಯನ್ನು ಒರಟು ಮಾಡಿದರೆ ಡ್ರ್ಯಾಗ್ ಕಡಿಮೆಯಾಗುವುದು ಹೇಗೆ ಎಂದು ಆಶ್ಚರ್ಯಪಡುವವರು, ಪ್ರಕ್ಷುಬ್ಧತೆ ಆರಂಭವಾಗಬೇಕಾದ ಸ್ಥಾನವನ್ನು ತಂತ್ರಾಂಶದಲ್ಲಿ ತಾವೇ ನಿಗದಿಮಾಡಿ ನೋಡಬಹುದು. ಗುಳ್ಳೆ ಹುಟ್ಟುವ ಜಾಗಕ್ಕಿಂತ ತುಸು ಮೊದಲೇ ಅದನ್ನಿಟ್ಟರೆ ಗುಳ್ಳೆ ಕುಗ್ಗುತ್ತದೆ, ಡ್ರ್ಯಾಗ್ ಇಳಿಯುತ್ತದೆ. ಬಹಳ ಮುಂದಕ್ಕೆ, ಮೂಗಿನ ಬಳಿಗೇ ತಂದರೆ ಘರ್ಷಣೆ ಹೆಚ್ಚಿ ಲಾಭವೆಲ್ಲ ಕರಗುತ್ತದೆ. ರೆನಾಲ್ಡ್ಸ್ ಸಂಖ್ಯೆಯನ್ನು 50 ಲಕ್ಷಕ್ಕೆ ಏರಿಸಿ ಅದೇ ಪ್ರಯೋಗ ಮಾಡಿದರೆ ಪಟ್ಟಿಯಿಂದ ನಷ್ಟವೇ ಹೊರತು ಲಾಭವಿಲ್ಲ. ಒಂದೇ ಉಪಾಯ ಒಂದು ವೇಗದಲ್ಲಿ ಮದ್ದಾಗಿ, ಇನ್ನೊಂದು ವೇಗದಲ್ಲಿ ಕೇಡಾಗಿ ಪರಿಣಮಿಸುವುದನ್ನು ಅಂಕಿಗಳ ಮೂಲಕ ಕಾಣುವುದು ನಿಜಕ್ಕೂ ಸಂತೋಷದ ಅನುಭವ.

ಪ್ರಕ್ಷುಬ್ಧತೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಂತ್ರಾಂಶ ತಾನೇ ಊಹಿಸುವಾಗ ಬಳಸುವ ಒಂದು ಸೂಚಿಯ ಬಗ್ಗೆ ಎಚ್ಚರ ಬೇಕು. ‘ಎನ್‌ಕ್ರಿಟ್’ ಎಂಬ ಆ ಸೂಚಿಯ ಪೂರ್ವನಿಗದಿತ ಮೌಲ್ಯ 9. ಅದು ಸಾಧಾರಣ ಗಾಳಿಸುರಂಗದ, ಅಂದರೆ ರೆಕ್ಕೆಯ ಮೇಲೆ ಗಾಳಿ ಹಾಯಿಸಿ ಅಳೆಯುವ ಪರೀಕ್ಷಾ ಕೊಳವೆಯ, ಪರಿಸ್ಥಿತಿಗೆ ಹೊಂದುತ್ತದೆ. ಶಾಂತವಾದ ಆಕಾಶದಲ್ಲಿ ಹಾರುವ ಗ್ಲೈಡರಿಗೆ 12ರಿಂದ 14, ಗಾಳಿಯೇ ಕದಡಿರುವ ಸುರಂಗಕ್ಕೆ 4ರಿಂದ 8 ಎಂದು ಕೈಪಿಡಿ ಸೂಚಿಸುತ್ತದೆ. ಅಂದರೆ ಹಾರುವ ರೆಕ್ಕೆಗೆ ಎದುರಾಗುವ ಗಾಳಿ ಎಷ್ಟು ನಿರ್ಮಲವಾಗಿದೆ ಎಂಬುದನ್ನು ಬಳಸುವವರೇ ಮೊದಲು ತೀರ್ಮಾನಿಸಬೇಕು. ಆದರೆ ತಮಗೆ ಬೇಕಾದ ಡ್ರ್ಯಾಗ್ ಸಿಗುವವರೆಗೆ ಈ ಸೂಚಿಯನ್ನು ತಿರುಗಿಸುತ್ತ ಹೋಗುವ ಅಭ್ಯಾಸ ಕೆಲವರಲ್ಲಿ ಇದೆ. ಅದು ಲೆಕ್ಕವಲ್ಲ, ಲೆಕ್ಕದ ವೇಷ ಹಾಕಿದ ಬಯಕೆ.

ನಿಧಾನ ವೇಗದ ಇನ್ನೊಂದು ತುದಿಯಲ್ಲಿರುವುದು ಸ್ಟಾಲ್, ಅಂದರೆ ಕೋನ ಮಿತಿಮೀರಿ ಲಿಫ್ಟ್ ಕುಸಿಯುವ ಸ್ಥಿತಿ. ಮಟ್ಟಸವಾಗಿ ಹಾರುತ್ತಿರುವ ವಿಮಾನದ ಭಾರ ಬದಲಾಗುವುದಿಲ್ಲ, ಲಿಫ್ಟ್ ಮಾತ್ರ ವೇಗದ ವರ್ಗದೊಡನೆ ಏರಿಳಿಯುತ್ತದೆ. ಹಾಗಾಗಿ ಗಂಟೆಗೆ 200 ಕಿ.ಮೀ. ವೇಗದಲ್ಲಿ 0.4ರ ಲಿಫ್ಟ್ ಗುಣಾಂಕದಿಂದ ನೆಮ್ಮದಿಯಾಗಿದ್ದ ರೆಕ್ಕೆ, 100 ಕಿ.ಮೀ.ಗೆ ಇಳಿದಾಗ 1.6ನ್ನು ಒದಗಿಸಬೇಕಾಗುತ್ತದೆ. ಅದಕ್ಕಾಗಿ ಕೋನವನ್ನು ಹೆಚ್ಚಿಸುತ್ತ ಹೋದಂತೆ ಮೇಲ್ಮೈಯ ಹಿಂಭಾಗದಲ್ಲಿ ಗಾಳಿ ಬೇರ್ಪಡತೊಡಗುತ್ತದೆ. ಬೇರ್ಪಡುವ ಸ್ಥಾನ ಮುಂದಕ್ಕೆ ತೆವಳುತ್ತ ಬಂದು, ಒಂದು ಹಂತದಲ್ಲಿ ಲಿಫ್ಟ್ ಏರುವುದು ನಿಂತು ಕುಸಿಯಲಾರಂಭಿಸುತ್ತದೆ. ಈ ಕಥೆಯ ಮೊದಲರ್ಧವನ್ನು ಎಕ್ಸ್‌ಫಾಯಿಲ್ ಚೆನ್ನಾಗಿ ಹೇಳುತ್ತದೆ, ದ್ವಿತೀಯಾರ್ಧದಲ್ಲಿ ತಡವರಿಸುತ್ತದೆ. ದೊಡ್ಡದಾಗಿ ಬೇರ್ಪಟ್ಟ ಹರಿವು ನಿಜದಲ್ಲಿ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು; ತೆಳುವಾದ ಗಡಿಪದರವೆಂಬ ಕಲ್ಪನೆಯ ಮೇಲೆ ನಿಂತ, ಕಾಲದೊಡನೆ ಬದಲಾಗದ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಪರಿಣಾಮವಾಗಿ ಗರಿಷ್ಠ ಲಿಫ್ಟನ್ನು ತಂತ್ರಾಂಶ ಸಾಮಾನ್ಯವಾಗಿ ವಾಸ್ತವಕ್ಕಿಂತ ಹೆಚ್ಚಾಗಿಯೇ ತೋರಿಸುತ್ತದೆ.

ಈ ಕೊರತೆಯನ್ನು ಹಗುರವಾಗಿ ನೋಡಬಾರದು. ಚದರ ಮೀಟರಿಗೆ 600 ನ್ಯೂಟನ್ ಭಾರ ಹೊರುವ ರೆಕ್ಕೆಯ ಗರಿಷ್ಠ ಲಿಫ್ಟ್ ಗುಣಾಂಕ ನಿಜದಲ್ಲಿ 1.5 ಆಗಿದ್ದರೆ, ಸಮುದ್ರಮಟ್ಟದಲ್ಲಿ ಅದರ ಸ್ಟಾಲ್ ವೇಗ ಗಂಟೆಗೆ ಸುಮಾರು 92 ಕಿ.ಮೀ. ಲೆಕ್ಕ ಶೇ. 10ರಷ್ಟು ಹೆಚ್ಚು ಹೇಳಿದರೆ ಕಾಗದದ ಮೇಲೆ ಅದು 88 ಕಿ.ಮೀ.ಗೆ ಇಳಿಯುತ್ತದೆ. ವೇಗದಲ್ಲಿ ಕಾಣುವ ವ್ಯತ್ಯಾಸ ಸಣ್ಣದು, ಆದರೆ ತಪ್ಪಿರುವುದು ಅಪಾಯದ ದಿಕ್ಕಿನಲ್ಲಿ: ಇನ್ನೂ ಹಾರಬಲ್ಲೆ ಎಂದು ಲೆಕ್ಕ ಹೇಳುವ ವೇಗದಲ್ಲಿ ರೆಕ್ಕೆ ಆಗಲೇ ಕೈಬಿಟ್ಟಿರುತ್ತದೆ. ಮನುಷ್ಯರನ್ನು ಹೊರುವ ಯಾವುದೇ ವಸ್ತುವಿನ ಸ್ಟಾಲ್ ವೇಗವನ್ನು ಈ ತಂತ್ರಾಂಶವೊಂದನ್ನೇ ನಂಬಿ ನಿರ್ಧರಿಸಕೂಡದು. ಎರಡು ಆಕಾರಗಳಲ್ಲಿ ಯಾವುದು ಮೊದಲು ಸ್ಟಾಲ್ ಆದೀತು, ಯಾವುದು ಮೆಲ್ಲಗೆ, ಯಾವುದು ಹಠಾತ್ತನೆ ಎಂಬ ಹೋಲಿಕೆಗೆ ಇದು ಉಪಯುಕ್ತ; ಆ ಗಡಿಯಾಚೆ ಗಾಳಿಸುರಂಗ ಮತ್ತು ಹಾರಾಟ ಪರೀಕ್ಷೆಗಳೇ ಪ್ರಮಾಣ.

ಮಟ್ಟಸ ಹಾರಾಟಕ್ಕಾಗಿಯೇ ಒಂದು ಸೌಲಭ್ಯವಿದ್ದು, ಅದನ್ನು ಬಳಸುವವರು ತೀರ ಕಡಿಮೆ ಎಂಬುದು ನನ್ನ ಗಮನಕ್ಕೆ ಬಂದಿದೆ. ಸಾಮಾನ್ಯವಾಗಿ ಎಲ್ಲರೂ ರೆನಾಲ್ಡ್ಸ್ ಸಂಖ್ಯೆಯನ್ನು ಸ್ಥಿರವಾಗಿಟ್ಟು ಕೋನವನ್ನು ಮಾತ್ರ ಬದಲಿಸುತ್ತಾರೆ. ಆದರೆ ಹಾರುವ ವಿಮಾನದಲ್ಲಿ ಕೋನ ಹೆಚ್ಚಿದಂತೆ ವೇಗ ಇಳಿಯುತ್ತದೆ, ವೇಗದೊಡನೆ ರೆನಾಲ್ಡ್ಸ್ ಸಂಖ್ಯೆಯೂ ಮ್ಯಾಕ್ ಸಂಖ್ಯೆಯೂ ಇಳಿಯುತ್ತವೆ. ಎರಡನೆಯ ಬಗೆಯ ಲೆಕ್ಕವನ್ನು ಆಯ್ದುಕೊಂಡರೆ ಲಿಫ್ಟ್ ಸ್ಥಿರವಾಗಿರುವಂತೆ ಈ ಎರಡೂ ಸಂಖ್ಯೆಗಳನ್ನು ತಂತ್ರಾಂಶವೇ ಹೊಂದಿಸಿಕೊಳ್ಳುತ್ತದೆ. ಮಾದರಿ ವಿಮಾನಗಳ ಮಟ್ಟಿಗಂತೂ ಇವೆರಡು ಬಗೆಗಳ ನಡುವಿನ ಅಂತರ ನಿರ್ಣಾಯಕವಾಗಬಲ್ಲದು.

ವೇಗವನ್ನು ಇನ್ನೊಂದು ದಿಕ್ಕಿಗೆ ಏರಿಸೋಣ. ಗಾಳಿಯನ್ನು ನೀರಿನಂತೆ, ಅದುಮಿದರೂ ಕುಗ್ಗದ ದ್ರವದಂತೆ ಭಾವಿಸಿ ಮಾಡುವ ಲೆಕ್ಕ ಸುಮಾರು 0.3 ಮ್ಯಾಕ್‌ವರೆಗೆ, ಅಂದರೆ ಸಮುದ್ರಮಟ್ಟದಲ್ಲಿ ಗಂಟೆಗೆ 370 ಕಿ.ಮೀ.ವರೆಗೆ, ದೊಡ್ಡ ತಪ್ಪಿಲ್ಲದೆ ನಡೆಯುತ್ತದೆ. ಆ ವೇಗದ ಗಾಳಿಯನ್ನು ಪೂರ್ತಿಯಾಗಿ ತಡೆದು ನಿಲ್ಲಿಸಿದರೂ ಅದರ ಸಾಂದ್ರತೆ ಶೇ. 5ರಷ್ಟೂ ಹೆಚ್ಚುವುದಿಲ್ಲ. ಅದರಾಚೆ ಗಾಳಿಯ ಕುಗ್ಗುವಿಕೆಯನ್ನು ಲೆಕ್ಕಕ್ಕೆ ತರಲೇಬೇಕು. ಪ್ರಾಂಟ್ಲ್–ಗ್ಲೌರ್ಟ್ ಸೂತ್ರದ ಪ್ರಕಾರ ರೆಕ್ಕೆಯ ಮೇಲಿನ ಒತ್ತಡ ವ್ಯತ್ಯಾಸಗಳು 0.3 ಮ್ಯಾಕ್‌ನಲ್ಲಿ ಸುಮಾರು ಶೇ. 5ರಷ್ಟು, 0.5ರಲ್ಲಿ ಶೇ. 15ರಷ್ಟು, 0.7ರಲ್ಲಿ ಶೇ. 40ರಷ್ಟು ಹಿಗ್ಗುತ್ತವೆ. ಎಕ್ಸ್‌ಫಾಯಿಲ್ ಬಳಸುವುದು ಇದಕ್ಕಿಂತ ಪರಿಷ್ಕೃತವಾದ ಕಾರ್ಮನ್–ತ್ಸಿಯೆನ್ ತಿದ್ದುಪಡಿಯನ್ನು. ರೆಕ್ಕೆಯ ಮೇಲೆ ಎಲ್ಲಿಯೂ ಗಾಳಿ ಶಬ್ದದ ವೇಗವನ್ನು ಮುಟ್ಟದಿರುವವರೆಗೆ ಈ ತಿದ್ದುಪಡಿ ಒಳ್ಳೆಯ ಫಲಿತಾಂಶವನ್ನೇ ಕೊಡುತ್ತದೆ.

‘ಎಲ್ಲಿಯೂ’ ಎಂಬ ಮಾತನ್ನು ಗಮನಿಸಬೇಕು. ವಿಮಾನ 0.7 ಮ್ಯಾಕ್ ವೇಗದಲ್ಲಿ ಹಾರುತ್ತಿದ್ದರೂ ಮೇಲ್ಮೈಯಲ್ಲಿ ವೇಗ ಪಡೆದುಕೊಂಡ ಗಾಳಿ ಸ್ಥಳೀಯವಾಗಿ ಶಬ್ದದ ವೇಗವನ್ನು ದಾಟಿರಬಹುದು. ಮ್ಯಾಕ್ ಸಂಖ್ಯೆಯನ್ನು ಕೊಟ್ಟಾಗ ಎಕ್ಸ್‌ಫಾಯಿಲ್ ಒತ್ತಡದ ನಕ್ಷೆಯಲ್ಲಿ ಒಂದು ತುಂಡುಗೆರೆಯನ್ನು ಎಳೆಯುತ್ತದೆ. ಒತ್ತಡದ ರೇಖೆ ಆ ಗೆರೆಯನ್ನು ದಾಟಿದಲ್ಲಿ ಗಾಳಿ ಶಬ್ದಾತೀತವಾಗಿದೆ ಎಂದರ್ಥ. 0.3 ಮ್ಯಾಕ್‌ನಲ್ಲಿ ಈ ಗೆರೆ ಒತ್ತಡ ಗುಣಾಂಕ −6.95ರಷ್ಟು ದೂರದಲ್ಲಿರುತ್ತದೆ, 0.5ರಲ್ಲಿ −2.13ಕ್ಕೆ, 0.7ರಲ್ಲಿ −0.78ಕ್ಕೆ ಇಳಿದುಬರುತ್ತದೆ. ಇತ್ತ ಒತ್ತಡದ ರೇಖೆಯೂ ಹಿಗ್ಗುತ್ತಿರುತ್ತದೆ. ಒಂದು ಇಳಿಯುತ್ತ, ಇನ್ನೊಂದು ಏರುತ್ತ ಇವೆರಡೂ ಸಂಧಿಸುವ ಮ್ಯಾಕ್ ಸಂಖ್ಯೆಯೇ ಆ ರೆಕ್ಕೆಯ ನಿರ್ಣಾಯಕ ವೇಗ. 0.7 ಮ್ಯಾಕ್‌ನಲ್ಲಿ, 4 ಡಿಗ್ರಿ ಕೋನದಲ್ಲಿರುವ 2412ರ ಮೂಗಿನ ಬಳಿ ಆ ಗೆರೆ ಸುಲಭವಾಗಿ ದಾಟಿಹೋಗಿರುತ್ತದೆ. ಮ್ಯಾಕ್ ಸಂಖ್ಯೆಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಈ ಸಂಧಿಯನ್ನು ಹುಡುಕುವುದು, ವೇಗದ ವಿಮಾನಗಳ ರೆಕ್ಕೆ ಏಕೆ ತೆಳುವಾಗಿರಬೇಕು ಎಂಬುದನ್ನು ಅರಿಯಲು ಇರುವ ನೇರವಾದ ದಾರಿ.

ಆ ತುಂಡುಗೆರೆಯೇ ಎಕ್ಸ್‌ಫಾಯಿಲ್‌ನ ಗಡಿಯೂ ಹೌದು. ಗೆರೆಯಾಚೆ ಹೋದ ಗಾಳಿ ಶಬ್ದಾತೀತ ವೇಗದಲ್ಲೇ ಸ್ವಲ್ಪ ದೂರ ಸಾಗಿ, ಕೊನೆಗೆ ಆಘಾತ ತರಂಗವೊಂದರ ಮೂಲಕ ಹಠಾತ್ತನೆ ನಿಧಾನವಾಗುತ್ತದೆ. ಅಲ್ಲಿ ಒತ್ತಡ ಒಮ್ಮೆಲೇ ಜಿಗಿಯುವುದರಿಂದ ಗಡಿಪದರ ಕಂಗೆಟ್ಟು ಬೇರ್ಪಡಬಹುದು. ಡ್ರ್ಯಾಗ್ ಕಡಿದಾಗಿ ಏರುತ್ತದೆ, ರೆಕ್ಕೆ ಅದುರತೊಡಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಪಿ-38 ಯುದ್ಧವಿಮಾನ ಕಡಿದಾಗಿ ಧುಮುಕುವಾಗ ಮೂಗನ್ನು ಮತ್ತಷ್ಟು ಕೆಳಕ್ಕೆ ಇಳಿಸಿ, ಚಾಲಕನ ಹಿಡಿತಕ್ಕೆ ಬಾರದೆ ಹೋಗುತ್ತಿದ್ದುದು ಈ ವಲಯದಲ್ಲಿಯೇ. 1960ರ ದಶಕದಲ್ಲಿ ನಾಸಾದ ರಿಚರ್ಡ್ ವಿಟ್‌ಕಂಬ್ ಅವರು ರೂಪಿಸಿದ, ಮೇಲ್ಮೈ ಚಪ್ಪಟೆಯಾಗಿಯೂ ಹಿಂಬದಿಯ ಕೆಳಭಾಗ ಒಳಬಾಗಿಯೂ ಇರುವ ರೆಕ್ಕೆಗಳ ಗುರಿ ಆ ಆಘಾತವನ್ನು ದುರ್ಬಲಗೊಳಿಸುವುದೇ ಆಗಿತ್ತು. ಅಂಥ ರೆಕ್ಕೆಯನ್ನು ಎಕ್ಸ್‌ಫಾಯಿಲ್‌ಗೆ ಕೊಟ್ಟು 0.78 ಮ್ಯಾಕ್ ಎಂದು ಬರೆದರೆ ಅದು ಏನನ್ನೋ ಉತ್ತರಿಸಬಹುದು, ಆದರೆ ಆ ಉತ್ತರದಲ್ಲಿ ಆಘಾತ ತರಂಗವೇ ಇರುವುದಿಲ್ಲ. ಆಘಾತವಿರುವ ಹರಿವನ್ನು ನೆಚ್ಚಿಕೊಳ್ಳುವಂತೆ ಲೆಕ್ಕ ಹಾಕಲಾಗದು ಎಂದು ಕೈಪಿಡಿ ಮುಚ್ಚುಮರೆಯಿಲ್ಲದೆ ಹೇಳಿದೆ. ಓದದೆ ಬಳಸುವವರ ತಪ್ಪನ್ನು ತಂತ್ರಾಂಶದ ತಲೆಗೆ ಕಟ್ಟುವುದು ನ್ಯಾಯವಲ್ಲ. ಗೆರೆ ದಾಟಿದ ಕೂಡಲೇ ದಪ್ಪ ಅಕ್ಷರಗಳಲ್ಲಿ ಎಚ್ಚರಿಸುವ ವ್ಯವಸ್ಥೆ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಆಸೆ ಮಾತ್ರ ನನಗಿದೆ.

ಹಿಂದಕ್ಕೆ ಬಾಗಿದ ರೆಕ್ಕೆಯ ವಿಷಯದಲ್ಲಿ ಒಂದು ಉಪಾಯ ಬಳಕೆಯಲ್ಲಿದೆ. 1935ರಲ್ಲಿ ಅಡಾಲ್ಫ್ ಬೂಸೆಮನ್ ಅವರು ತೋರಿಸಿಕೊಟ್ಟಂತೆ, ರೆಕ್ಕೆಯ ಅಂಚಿಗೆ ಲಂಬವಾಗಿರುವ ವೇಗದ ಅಂಶವೇ ಒತ್ತಡವನ್ನು ನಿರ್ಧರಿಸುತ್ತದೆ. 30 ಡಿಗ್ರಿ ಬಾಗಿದ ರೆಕ್ಕೆ 0.8 ಮ್ಯಾಕ್‌ನಲ್ಲಿ ಹಾರುವಾಗ ಆ ಅಂಶ 0.69 ಮಾತ್ರ. ಈ ಸಂಖ್ಯೆಯನ್ನಿಟ್ಟು ಮಾಡಿದ ಲೆಕ್ಕ ಒಂದು ಅಂದಾಜನ್ನು ಕೊಡುತ್ತದೆ. ಆದರೆ ರೆಕ್ಕೆಯ ಬುಡದಲ್ಲೂ ತುದಿಯಲ್ಲೂ ಈ ಸರಳತೆ ಉಳಿಯುವುದಿಲ್ಲ.

ಶಬ್ದಾತೀತ ಹಾರಾಟದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಏಕೆಂದರೆ ಆ ವೇಗವನ್ನು ತಂತ್ರಾಂಶ ಸ್ವೀಕರಿಸುವುದೇ ಇಲ್ಲ. ಅದು ಸರಿಯಾದ ನಿರ್ಧಾರ. ಅಲ್ಲಿ ರೆಕ್ಕೆ ಬರುತ್ತಿರುವ ಸುದ್ದಿ ಮುಂದಿರುವ ಗಾಳಿಗೆ ತಲುಪುವುದೇ ಇಲ್ಲ, ಹಾಗಾಗಿ ಗಾಳಿ ಮೊದಲೇ ದಾರಿ ಬಿಟ್ಟುಕೊಡುವ ಪ್ರಶ್ನೆಯೂ ಇಲ್ಲ. ತೆಳುವಾದ ರೆಕ್ಕೆಯ ಲಿಫ್ಟ್‌ಗೆ ಆಕೆರೆಟ್ ಅವರ ಸರಳ ಸೂತ್ರ ಸಾಕು: ಕಡಿಮೆ ವೇಗದಲ್ಲಿ ಪ್ರತಿ ರೇಡಿಯನ್‌ಗೆ 6.28 ಇರುವ ಲಿಫ್ಟಿನ ಏರಿಕೆ 2 ಮ್ಯಾಕ್‌ನಲ್ಲಿ 2.31ಕ್ಕೆ ಇಳಿಯುತ್ತದೆ. ಲಿಫ್ಟಿನ ಕೇಂದ್ರ ರೆಕ್ಕೆಯ ಕಾಲುಭಾಗದಿಂದ ಅರ್ಧಭಾಗದತ್ತ ಹಿಂದೆ ಸರಿಯುತ್ತದೆ. ಶಬ್ದಾತೀತ ಪ್ರಯಾಣಿಕ ವಿಮಾನ ಕಾಂಕಾರ್ಡ್ ವೇಗ ಹೆಚ್ಚಿಸಿಕೊಳ್ಳುವಾಗ ಇಂಧನವನ್ನು ಹಿಂದಿನ ತೊಟ್ಟಿಗೆ ಪಂಪು ಮಾಡಿಕೊಳ್ಳುತ್ತಿದ್ದುದು ಈ ಸರಿಯುವಿಕೆಗೆ ಹೊಂದಿಕೊಳ್ಳಲೆಂದೇ.

ಬಳಕೆಯ ತೊಡಕುಗಳನ್ನೂ ಹೇಳಬೇಕು. ಲೆಕ್ಕ ಒಮ್ಮೊಮ್ಮೆ ಉತ್ತರಕ್ಕೆ ಬಾರದೆ ನಿಂತುಬಿಡುತ್ತದೆ, ಅದರಲ್ಲೂ ಕಡಿಮೆ ರೆನಾಲ್ಡ್ಸ್ ಸಂಖ್ಯೆಯಲ್ಲಿ ಮತ್ತು ಸ್ಟಾಲ್ ಸಮೀಪದಲ್ಲಿ. ಕೋನವನ್ನು ಅರ್ಧ ಡಿಗ್ರಿಗಿಂತ ಚಿಕ್ಕ ಹೆಜ್ಜೆಗಳಲ್ಲಿ ಏರಿಸುವುದು, ಪುನರಾವರ್ತನೆಗಳ ಮಿತಿಯನ್ನು ಹೆಚ್ಚಿಸುವುದು, ರೆಕ್ಕೆಯ ಮೇಲಿನ ಬಿಂದುಗಳನ್ನು ಮತ್ತೆ ಹಂಚಿಸುವುದು ಇದಕ್ಕೆ ಪರಿಹಾರ. ಇಷ್ಟಾದರೂ ಉತ್ತರ ಬಾರದಿದ್ದರೆ, ಗಾಳಿ ಅಲ್ಲಿ ಈ ತಂತ್ರಾಂಶದ ಅಳವಿಗೆ ಮೀರಿದ್ದನ್ನು ಮಾಡುತ್ತಿದೆ ಎಂದು ತಿಳಿಯುವುದು ಜಾಣತನ. ಆಕಾರವನ್ನು ತಿದ್ದುವಾಗ ತಾತ್ಕಾಲಿಕ ಪ್ರತಿ ಮತ್ತು ಚಾಲ್ತಿಯ ಪ್ರತಿ ಎಂದು ಎರಡು ಇರುತ್ತವೆ. ತಿದ್ದಿದ್ದನ್ನು ಚಾಲ್ತಿಗೆ ವರ್ಗಾಯಿಸದಿದ್ದರೆ ಲೆಕ್ಕ ನಡೆಯುವುದು ಹಳೆಯ ಆಕಾರದ ಮೇಲೆಯೇ. ಡ್ರ್ಯಾಗ್‌ನ ವಿಂಗಡಣೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಒಟ್ಟು ಡ್ರ್ಯಾಗನ್ನು ರೆಕ್ಕೆಯ ಹಿಂದಿನ ಗಾಳಿಯ ಜಾಡಿನಿಂದ ಲೆಕ್ಕ ಹಾಕಿ, ಅದರಿಂದ ಘರ್ಷಣೆಯ ಪಾಲನ್ನು ಕಳೆದು ಉಳಿದದ್ದನ್ನು ಒತ್ತಡದ ಪಾಲು ಎಂದು ತೋರಿಸಲಾಗುತ್ತದೆ. ಹೀಗೆ ಮಾಡುವುದು ಒತ್ತಡವನ್ನು ನೇರವಾಗಿ ಕೂಡಿಸುವುದಕ್ಕಿಂತ ಹೆಚ್ಚು ನಿಖರ.

ಎಲ್ಲಕ್ಕಿಂತ ಮುಖ್ಯವಾಗಿ, ಇದು ಅಡ್ಡಕೊಯ್ತದ ಲೆಕ್ಕ. ರೆಕ್ಕೆಗೆ ತುದಿಯೇ ಇಲ್ಲ ಎಂಬಂತೆ ಅದು ನಡೆಯುತ್ತದೆ. ನಿಜವಾದ ರೆಕ್ಕೆಯ ತುದಿಯಲ್ಲಿ ಕೆಳಗಿನ ಹೆಚ್ಚಿನ ಒತ್ತಡದ ಗಾಳಿ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ, ಅದರಿಂದ ಹುಟ್ಟುವ ಪ್ರೇರಿತ ಡ್ರ್ಯಾಗ್ ಮಟ್ಟಸ ಹಾರಾಟದಲ್ಲಿ ವೇಗದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ವಿಮಾನ ನಿಧಾನವಾದಷ್ಟೂ ಅದು ಹೆಚ್ಚು. ಎಕ್ಸ್‌ಫಾಯಿಲ್‌ನ ಅಂಕಿಗಳಲ್ಲಿ ಇದರ ಸುಳಿವೂ ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಆಂದ್ರೆ ಡೆಪೆರುವಾ ಅವರ ಎಕ್ಸ್‌ಎಫ್‌ಎಲ್‌ಆರ್5 ಇದೆ. ಅದೂ ಉಚಿತ, ಎಕ್ಸ್‌ಫಾಯಿಲ್‌ನ ಲೆಕ್ಕವನ್ನೇ ಒಳಗಿಟ್ಟುಕೊಂಡು, ಗುಂಡಿಗಳೂ ಕಿಟಕಿಗಳೂ ಇರುವ ನೋಟವನ್ನು ಕೊಟ್ಟು, ಇಡೀ ರೆಕ್ಕೆಯ ಲೆಕ್ಕವನ್ನೂ ಮಾಡುತ್ತದೆ. ಟೈಪ್ ಮಾಡುವ ಆದೇಶಗಳಿಂದ ಹಿಂಜರಿಯುವವರು ಅಲ್ಲಿಂದಲೇ ಆರಂಭಿಸಬಹುದು. ಆಘಾತ ತರಂಗಗಳ ವಲಯಕ್ಕೆ ಹೋಗಬೇಕಾದವರು ಡ್ರೆಲಾ ಅವರದೇ ಎಂಸೆಸ್ ಅಥವಾ ಮುಕ್ತವಾಗಿ ಸಿಗುವ ಎಸ್‌ಯು2ನಂಥ ಭಾರಿ ತಂತ್ರಾಂಶಗಳನ್ನು ಕಲಿಯಬೇಕು; ಆದರೆ ಅವು ಬೇಡುವ ಸಿದ್ಧತೆ ಬೇರೆಯೇ ಮಟ್ಟದ್ದು.

ಮಾದರಿ ವಿಮಾನ, ಚಿಕ್ಕ ಡ್ರೋನ್, ಗ್ಲೈಡರ್, ಗಾಳಿಯಂತ್ರದ ಅಲಗು ಅಥವಾ ಹಗುರ ವಿಮಾನದ ರೆಕ್ಕೆಯಲ್ಲಿ ಆಸಕ್ತಿಯಿರುವವರಿಗೆ ನಾನು ಎಕ್ಸ್‌ಫಾಯಿಲನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಜೆಟ್ ಪ್ರಯಾಣಿಕ ವಿಮಾನದ ರೆಕ್ಕೆಯನ್ನು ಅದರ ನೈಜ ಹಾರಾಟದ ವೇಗದಲ್ಲಿ ಅರಿಯಬೇಕೆನ್ನುವವರು ಇದನ್ನು ಪೂರ್ವಸಿದ್ಧತೆಗಷ್ಟೇ ಬಳಸಲಿ. ಹೊಸದಾಗಿ ಆರಂಭಿಸುವವರು ಪ್ರಸಿದ್ಧವಾದ ಒಂದೇ ಆಕಾರವನ್ನು ಆಯ್ದುಕೊಂಡು, ಗಾಳಿಸುರಂಗದಲ್ಲಿ ಅಳೆದು ಪ್ರಕಟಿಸಿರುವ ಅದರ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ಶೂನ್ಯದಿಂದ ಸ್ಟಾಲ್‌ವರೆಗೆ ಕೋನವನ್ನು ಏರಿಸುತ್ತ ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆಯಲಿ. ಎರಡು ಗೆರೆಗಳು ಎಲ್ಲಿಯವರೆಗೆ ಜೊತೆಯಾಗಿ ಸಾಗುತ್ತವೆ, ಯಾವ ಕೋನದಲ್ಲಿ ಅಗಲತೊಡಗುತ್ತವೆ ಎಂಬುದನ್ನು ಗುರುತಿಸಿಟ್ಟುಕೊಂಡ ಮೇಲೆ ತಮ್ಮದೇ ರೆಕ್ಕೆಯ ವಿನ್ಯಾಸಕ್ಕೆ ಕೈಹಾಕಬಹುದು.